ಕೊಲ್ಲೂರಿನ ಸಲಾಂ ಮಂಗಳಾರತಿ

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಿಂದಲೂ ನಾನು ಕೊಲ್ಲೂರಿಗೆ ಹೋಗಿಬರುವವನು. ಇಷ್ಟಲಿಂಗಧಾರಿಗೆ ಸ್ಥಾವರದ ಹಂಬಲವೇಕೆಂದು ಸಹಪಾಠಿಗಳು ಕೆಣಕಿದ್ದುಂಟು. ವೀರಶೈವರಾದ ಕೆಳದಿಯ ಅರಸರೇ ಮೂಕಾಂಬಿಕೆಗೆ ನಡೆದುಕೊಂಡಿದ್ದರಲ್ಲ ಎಂಬುದು ನನ್ನ ಉತ್ತರವಾಗಿತ್ತು.

ಅಲ್ಲಿ ರಾತ್ರಿಯ ಮಂಗಳಾರತಿಯನ್ನು ಬಹುಕಾಲದಿಂದ 'ಸಲಾಂ ಮಂಗಳಾರತಿ' ಎಂದು ಕರೆಯುತ್ತಿದ್ದರು. ಟಿಪ್ಪು ಸುಲ್ತಾನನು ಬಂದು ದೇವಿಗೆ ಸಲಾಂ ಸಲ್ಲಿಸಿದನೆಂದು ಪ್ರತೀತಿ. ಇದು ಐತಿಹ್ಯವೇ ಹೊರತು ಶಾಸನೋಕ್ತವಲ್ಲ. 2022ರ ಡಿಸೆಂಬರಿನಲ್ಲಿ ಮುಜರಾಯಿ ಇಲಾಖೆಯು ಇಂತಹ ಸಲಾಂ ಆರತಿಗಳು ಇನ್ನು 'ಆರತಿ ನಮಸ್ಕಾರ'ವೆಂದು ಪ್ರಕಟಿಸಿತು. ಆಚರಣೆ ನಿಲ್ಲದು, ಹೆಸರು ಮಾತ್ರ ಬದಲು ಎಂಬ ಸಮಾಧಾನವನ್ನೂ ಹೇಳಿತು. ಸಲಾಂ ಪರಭಾಷೆಯದಾದರೆ 'ಮುಜರಾಯಿ'ಯೂ 'ಇಲಾಖೆ'ಯೂ ಎಲ್ಲಿಯವು? ಮರಾಠಿಯಲ್ಲಿ ಮುಜರಾ ಎಂದರೆ ನಮಸ್ಕಾರವೇ!

ಬೈಂದೂರಿನಲ್ಲಿ ನನಗೊಬ್ಬ ಮುಸಲ್ಮಾನ ಮಿತ್ರರಿದ್ದಾರೆ, ನಿವೃತ್ತ ಮಾಸ್ತರರು. ಅವರ ತಮ್ಮನದು ಜಾತ್ರೆಗಳಲ್ಲಿ ಬಳೆಯಂಗಡಿ. ಅದೇ ವರ್ಷದ ಮಾರ್ಚಿನಲ್ಲಿ ಕಾಪು ಮೊದಲಾದೆಡೆ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಸ್ಥಳ ನಿರಾಕರಿಸಲಾಗಿತ್ತು. ದೇವಾಲಯದ ಸಮೀಪದ ಅದರ ಸ್ವತ್ತನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವನ್ನೇ ಸರಕಾರ ವಿಧಾನಸಭೆಯಲ್ಲಿ ಮುಂದಿಟ್ಟಿತು. ಇಪ್ಪತ್ತು ವರ್ಷ ಆ ನಿಯಮವಿದ್ದೂ ಬಳೆ ಮಾರಾಟ ನಡೆದೇ ಇತ್ತು. ತಮ್ಮನಿಗೆ ಆ ವರ್ಷ ಜಾಗ ಸಿಗಲಿಲ್ಲ. ಆಗಲೂ ಮಾಸ್ತರರು ನನ್ನಲ್ಲಿ ದೂರಲಿಲ್ಲ. ಡಿಸೆಂಬರಿನಲ್ಲಿ ಮಾತ್ರ ಕೇಳಿದರು:

"ಶಾಸ್ತ್ರಿಗಳೇ, ನಮ್ಮದೆಂದು ಅಲ್ಲಿ ಒಂದು ಮಾತಿತ್ತು. ಅದೂ ಬೇಡವಾಯಿತೇ?"

ನಾನು ಚಹದ ಲೋಟವನ್ನು ನೋಡುತ್ತ ಕುಳಿತೆ.

ಮೌನಕ್ಕೆ ನನ್ನಲ್ಲಿ ಕಾರಣವೊಂದು ಸಿದ್ಧವಾಗಿತ್ತು. ಧಾರ್ಮಿಕ ದತ್ತಿಗಳ 1997ರ ಕಾಯಿದೆ ಮಠಗಳಿಗೂ ಅವುಗಳಿಗೆ ಸೇರಿದ ದೇವಾಲಯಗಳಿಗೂ ಅನ್ವಯಿಸದು. ಸರಕಾರದ ಕೈ ನಮ್ಮ ಹೊಸ್ತಿಲು ದಾಟದು. ದೇವಾಲಯಗಳ ಜಗಳ ನಮಗೇಕೆ? ನಮ್ಮಲ್ಲಿ ಅನೇಕರು ಹೀಗೆಯೇ ಎಣಿಸುತ್ತೇವೆ. ಆದರೆ ಮಠದ ಪೂಜೆಗೆ ನಾಳೆ ಅಧಿಕಾರಿಯೊಬ್ಬರು ಹೆಸರು ಸೂಚಿಸಿದರೆ ನಾವು ಸುಮ್ಮನಿರುವೆವೇ? ಹುಂಡಿಯ ಲೆಕ್ಕ ನೋಡುವುದು ಸರಕಾರಕ್ಕೆ ಸಲ್ಲುವ ಕೆಲಸ, ಭಕ್ತರ ಹಣ ಪೋಲಾಗಬಾರದು. ಆರತಿಗೆ ಹೆಸರಿಟ್ಟವರು ಭಕ್ತರು. ಅದನ್ನು ಉಳಿಸುವುದೂ ಬಿಡುವುದೂ ಅವರ ನಾಲಗೆಗೆ ಸೇರಿದ್ದು.

ಮನೆಗೆ ಬಂದು ಮಾಸ್ತರರಿಗೆ ಎರಡು ಪುಟದ ಕಾಗದ ಬರೆದೆ. ತುಂಬ ಶಬ್ದವ್ಯುತ್ಪತ್ತಿಯೇ! ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಬರುವ ತಿಂಗಳು ಬೈಂದೂರಿಗೆ ಹೋಗುವುದಿದೆ. ಅವರ ಜಗಲಿಯಲ್ಲೇ ಕುಳಿತು, ಅಂದು ನಾನು ಸುಮ್ಮನಿದ್ದದ್ದು ತಪ್ಪಾಯಿತೆಂದು ಹೇಳಬೇಕು.