ಎಳೆ ಹರಿಯುವ ಕೆಲಸ

ಬನಹಟ್ಟಿಯ ನಮ್ಮ ಮನೆಯಲ್ಲಿ ಎಳೆ ಹರಿಯಿತೆಂದರೆ ಮಗ್ಗ ನಿಂತಿತು. ಮಗ್ಗ ನಿಂತಿತೆಂದರೆ ಅಪ್ಪನ ಹುಬ್ಬು ಗಂಟಿಕ್ಕಿತು. ಅಂಥ ಮನೆಯವನು ನಾನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೇಕೆಂದೇ ಎಳೆ ಕತ್ತರಿಸುತ್ತ ಕೂತಿರುತ್ತೇನೆ.

ಫೋನಿನಲ್ಲಿ ಹೇಳಿದರೆ ಅವ್ವ ನಕ್ಕಳು: "ಎಳಿ ಹರ್ಯಾಕ ಪಗಾರ ಕೊಡ್ತಾರೇನೋ ತಮ್ಮಾ?"

ಕೊಡುತ್ತಾರೆ. ಇಲ್ಲಿಯ ಷಾಕ್ ಟನೆಲ್‌ನಲ್ಲಿ ಲೋಹದ ತಗಡು ಸಿಡಿದಾಗ ಗಾಳಿ ಶಬ್ದದ ಐದು ಪಟ್ಟಿಗೂ ಮೀರಿದ ವೇಗದಲ್ಲಿ ನುಗ್ಗುತ್ತದೆ. ಅಳತೆಗೆ ಸಿಗುವ ಹೊತ್ತು ಸುಮಾರು 1 ಮಿಲಿಸೆಕೆಂಡು. ಅಷ್ಟರಲ್ಲಿ, ಟನೆಲ್‌ನೊಳಗೆ ಇಟ್ಟ ಮಾದರಿಯ ಮೇಲೆ ಬಿದ್ದ ಬಲವೆಷ್ಟು ಎಂದು ಹೇಳಬೇಕು. ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿದರೆ, ಅಂಕಿ ಕುಣಿದು ನಿಲ್ಲುವುದರೊಳಗೆ ಡ್ರೈವರ್ ಎಲೆ-ಅಡಿಕೆ ಮೆಲ್ಲಬಹುದು. ಇಲ್ಲಿ ಅಂಕಿಯ ಕುಣಿತ ನಿಲ್ಲುವುದರೊಳಗೆ ಗಾಳಿಯೇ ಹೋಗಿರುತ್ತದೆ. ಉಕ್ಕಿನಲ್ಲಿ ಪೆಟ್ಟಿನ ಅಲೆ ಮಿಲಿಸೆಕೆಂಡಿಗೆ ಸುಮಾರು 5 ಮೀಟರ್ ಓಡುತ್ತದೆ. ಗೇಣುದ್ದದ ಮಾದರಿಯಲ್ಲಿ ಅದು ಇಪ್ಪತ್ತು ಚಿಲ್ಲರೆ ಸಲ ತುದಿಯಿಂದ ತುದಿಗೆ ಓಡುವಷ್ಟರಲ್ಲಿ ಆಟ ಮುಗಿಯಿತು.

ಕುಣಿತ ನಿಲ್ಲದಿದ್ದರೆ ಕುಣಿತವನ್ನೇ ಓದಬೇಕು. ಜಮಖಂಡಿ ಸಂತೆಯಲ್ಲಿ ಅವ್ವ ಗಡಿಗೆಯನ್ನು ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದಳಲ್ಲ, ಅದೇ ವಿದ್ಯೆ. ಗೊತ್ತಿರುವ ಪೆಟ್ಟಿಗೆ ಎಂಥ ನಾದ ಬಂತೆಂದು ತಿಳಿದಿದ್ದರೆ, ಮುಂದೆ ನಾದದಿಂದಲೇ ಗೊತ್ತಿಲ್ಲದ ಪೆಟ್ಟನ್ನು ಲೆಕ್ಕಹಾಕಬಹುದು. 1991ರಲ್ಲಿ ಕ್ವೀನ್ಸ್‌ಲ್ಯಾಂಡಿನ ಸ್ಯಾಂಡರ್ಸನ್ ಮತ್ತು ಸಿಮನ್ಸ್ ಈ ಲೆಕ್ಕದ ಮೇಲೆ ಕಟ್ಟಿದ ಬಲಮಾಪಕವೊಂದನ್ನು ಪ್ರಕಟಿಸಿದರು. 2003ರಲ್ಲಿ ನಮ್ಮ ಸಂಸ್ಥೆಯವರು ಪ್ರಕಟಿಸಿದ್ದು ಇನ್ನೊಂದು ದಾರಿ: ಮಾದರಿಯನ್ನು ಮೆತ್ತನೆಯ ರಬ್ಬರ್ ಬುಷ್‌ಗಳ ಮೇಲೆ ಕೂರಿಸಿ, ಒಳಗೆ ವೇಗೋತ್ಕರ್ಷಮಾಪಕ ಇಡುವುದು. ಆ ಒಂದು ಮಿಲಿಸೆಕೆಂಡಿನಲ್ಲಿ ರಬ್ಬರಿಗೆ ತಡೆಯಲು ಪುರುಸೊತ್ತಿಲ್ಲ. ಮಾದರಿ ಗಾಳಿಯಲ್ಲಿ ತೇಲಿದಂತೆಯೇ.

ನನ್ನ ಪಾಲಿನ ಸುಖ ಟನೆಲ್ ಹಾರಿಸುವ ಮೊದಲಿನದು. ಮಾದರಿಯ ಮೂಗಿಗೆ ನೇಕಾರರ ಗಂಟಿನಿಂದ ದಾರ ಬಿಗಿದು, ರಾಟೆಯ ಮೇಲೆ ಹಾಯಿಸಿ, 1 ಕಿಲೋ ಕಲ್ಲು ತೂಗಬಿಡುತ್ತೇನೆ. ಮೂಗು ಮುಂದಕ್ಕೆ ಜಗ್ಗಿಸಿಕೊಂಡು ನಿಲ್ಲುತ್ತದೆ. ದಾರ ಕತ್ತರಿಸಿದರೆ ಜಗ್ಗುವಿಕೆ ತಟ್ಟನೆ ಮಾಯ. ಮಾದರಿಯ ಪಾಲಿಗೆ ಅದು ಎದುರುಗಾಳಿ 9.8 ನ್ಯೂಟನ್‌ನಷ್ಟು ಹಿಂದಕ್ಕೆ ನೂಕಿದ ಹಾಗೆ.

ಮೊದಮೊದಲು ಕತ್ತರಿ ಹಿಡಿದು ಕೆಟ್ಟೆ. ತೆರೆಯ ಮೇಲಿನ ಗೆರೆಯಲ್ಲಿ ಒಂದು ಮೆಟ್ಟಿಲಿನ ಬದಲು ಮೂರು ಮೂಡಿದವು. ಭೂತಗನ್ನಡಿಯಲ್ಲಿ ದಾರದ ತುದಿ ನೋಡಿದೆ: ಸಡಿಲ ಹುರಿ, ಮೂರು ಎಳೆ, ಒಂದೊಂದೂ ಒಂದೊಂದು ಉದ್ದಕ್ಕೆ ಹರಿದಿತ್ತು. ನೇಕಾರನ ಮಗ ಮೊದಲೇ ನೋಡಬೇಕಿತ್ತು! ಆಮೇಲೆ ಹೊಸ ಬ್ಲೇಡು, ಬಿಗಿದ ದಾರ, ಒಂದೇ ಗೀರು.

ಬಲ ಅಳೆಯುವ ಮೊನೆಯಿರುವ ಪುಟ್ಟ ಸುತ್ತಿಗೆಯಿಂದ ಮೂಗಿಗೆ ತಟ್ಟಿ ಇನ್ನೊಮ್ಮೆ ನಾದ ಹಿಡಿಯುತ್ತೇನೆ. ಸುತ್ತಿಗೆ ಕಲಿಸಿದ ಪಾಠದಿಂದ ದಾರದ ನಾದವನ್ನು ಬಿಡಿಸಿದಾಗ, ಅಷ್ಟೆಲ್ಲ ಕಂಪನದ ಸಿಕ್ಕಿನೊಳಗಿಂದ 9.8ರ ಹತ್ತಿರ ಒಂದು ಚಪ್ಪಟೆ ಗೆರೆ ಎದ್ದು ಬರುತ್ತದೆ. ಸಿಕ್ಕುಬಿದ್ದ ಲಡಿಯಲ್ಲಿ ತುದಿ ಸಿಕ್ಕ ಹಾಗೆ. ಆಮೇಲೆ ಟನೆಲ್ ಎಷ್ಟಾದರೂ ಗುಡುಗಲಿ.

ಹೋದ ಸಲ ಊರಿಗೆ ಹೋದಾಗ ಅವ್ವ ಮೂರು ಮೆಟ್ಟಿಲಿನ ಕಥೆ ಪೂರ್ತಿ ಕೇಳಿದಳು. ಹೊರಡುವಾಗ ಚೀಲದಲ್ಲಿ ರೊಟ್ಟಿಯ ಪಕ್ಕ ಒಂದು ಉಂಡೆ ದಾರ ಇಟ್ಟಳು.

"ಬಿಗಿ ಹುರಿ ಅದ. ಹರಿಯೂದಾದ್ರ ಛಲೋ ನೂಲು ಹರಿ."