ಕಬ್ಬಿನ ಸೀಮೆಯ ಹಸಿದ ಜೇನು

ನಮ್ಮ ತೇರದಾಳದ ಕಡೆ ಬಂದವರಿಗೆ ಮೊದಲು ಕಾಣೋದು ಕಬ್ಬು. ಆಮೇಲೂ ಕಬ್ಬೇ! ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ... ಎತ್ತ ಹೋದರೂ ಅದೇ ಹಸಿರು. ಇಷ್ಟು ಸಿಹಿ ಬೆಳೆಯೋ ಊರಲ್ಲಿ ಜೇನಿಗೇನು ಕೊರತೆ ಅನ್ನಿಸಬಹುದು. ಆದರೆ ಕಬ್ಬು ಹುಲ್ಲಿನ ಜಾತಿ. ಸೂಲಂಗಿ ಬಿಟ್ಟರೂ ಅದರಲ್ಲಿ ಮಕರಂದ ಇರೋದಿಲ್ಲ. ಬೆಲ್ಲದ ಗಾಣಕ್ಕೆ ಜೇನುಹುಳ ಮುತ್ತಿ, ಕಬ್ಬಿನ ಹಾಲಲ್ಲಿ ಬಿದ್ದು ಸಾಯೋದನ್ನ ನೋಡಿದ್ದೀರಾ? ಸಿಹಿ ಸಿಕ್ಕರೂ ಅಲ್ಲಿ ಪರಾಗ ಎಲ್ಲಿಂದ ಬರಬೇಕು?

ಮೊದಲು ಹಿಂಗಾರಿ ಹೀಗಿರಲಿಲ್ಲ. ಬಿಳಿಜೋಳದ ಹೊಲದ ಸುತ್ತ ಕುಸುಬಿ ಹಾಕೋರು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ನಡುವೆ ಅಗಸಿ, ಹವೀಜ. ಎಳ್ಳಮಾಸಿಗೆ ಚರಗ ಚೆಲ್ಲೋಕೆ ಹೋದರೆ ಕುಸುಬಿ ಹೂವಿನ ಮೇಲೆ ಗುಂಯ್ ಅನ್ನೋ ಸದ್ದು. ಜೇನಿಗಾಗಿ ಯಾರೂ ಬಿತ್ತಿದ್ದಲ್ಲ, ಆದರೂ ಅದರ ಪಾಲು ಅದಕ್ಕೆ ಸಿಗುತ್ತಿತ್ತು. ಆಮೇಲೆ ನೀರು ಬಂತು, ಕಬ್ಬು ಬಂತು, ರೊಕ್ಕ ಬಂತು. ಬೇಡ ಅನ್ನೋಕೆ ನಾನ್ಯಾರು? ನಾನು ಓದಿದ್ದೂ ಕಬ್ಬಿನ ಬಿಲ್ಲಿನಿಂದಲೇ.

ಒಂದು ದಿನ ಅವ್ವ ಫೋನಿನಲ್ಲಿ, "ಕುಂಬಳ ಬಳ್ಳಿ ತುಂಬ ಹೂವ ಐತಿ, ಒಂದೂ ಕಾಯಿ ನಿಂದ್ರವಲ್ದು ನೋಡಪಾ" ಅಂದಳು. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ನಡುವೆ ಓಡಾಡೋ ಹುಳ ಇಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಅವ್ವ ದಿನಾ ಮುಂಜಾನೆ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸೋಕೆ ಶುರು ಮಾಡಿದಳು. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸ!

ಹೊಲದ ಬದುವಿಗೆ ಒಂದು ಸಾಲು ಕುಸುಬಿ ಹಾಕೋಣ ಅಂದೆ. "ಒಂದ್ ಸಾಲ ಕಬ್ಬಿನ ರೊಕ್ಕ ನೀ ಕೊಡ್ತಿಯೇನು?" ಅಂದ ಅಣ್ಣ. ಅವನ ಮಾತಿನಲ್ಲೂ ತಪ್ಪಿಲ್ಲ. ಹಾಗಾಗಿ ಹಿತ್ತಲಿನಲ್ಲೇ ಶುರುವಾಯಿತು.

ಲೆಕ್ಕ ಸರಳ. ಶೀಗಿ ಹುಣ್ಣಿಮೆ ಹೊತ್ತಿಗೆ, ಅಂದರೆ ಅಕ್ಟೋಬರಿನಲ್ಲಿ, ನೆಲ ಹಸಿ ಇರುವಾಗ ಬಿತ್ತಬೇಕು. ಸಾಸಿವೆ ಒಂದೂವರೆ ತಿಂಗಳಿಗೆ ಹೂವು ಬಿಡುತ್ತದೆ, ಹವೀಜ ಸುಮಾರು ಎರಡು ತಿಂಗಳಿಗೆ, ಕುಸುಬಿ ಅದರ ಹಿಂದೆಯೇ. ಕೋತಂಬ್ರಿ ಪೂರ್ತಿ ಕೀಳದೆ ಒಂದು ಮೂಲೆ ಹೂವಿಗೆ ಬಿಡಿ. ಅಷ್ಟರಲ್ಲಿ ನುಗ್ಗಿ, ಆಮೇಲೆ ಬೇವು, ಹೊಂಗೆ, ಬೇಸಿಗೆ ಕೊನೆಗೆ ಹುಣಸಿ. ಮಳೆಗಾಲದ ಉಪವಾಸಕ್ಕೆ ತುಳಸಿ, ಗುರೆಳ್ಳು. ಬೇಸಿಗೆಯಲ್ಲಿ ಒಂದು ಪರಾತದಲ್ಲಿ ಕಲ್ಲು ಹಾಕಿ ನೀರಿಡಿ, ಹುಳ ಮುಳುಗೋದಿಲ್ಲ. ಔಷಧ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ.

ಮರುವರ್ಷ ನಮ್ಮ ಕರಿಬೇವಿನ ಕೊಂಬೆಗೆ ಅಂಗೈಯಗಲದ ಕೋಲುಜೇನು ಕಟ್ಟಿತು. ಕುಂಬಳ? ಎಂಟು ಕಾಯಿ, ಅವ್ವ ಕೈ ಹಚ್ಚದೆ!

ಈ ಸಲ ಅಣ್ಣನೇ ಫೋನ್ ಮಾಡಿದ್ದ. ನೀರು ಹೆಚ್ಚಾಗಿ ಸವಳು ಹತ್ತಿದ ಮೂಲೆಯಲ್ಲಿ ಕಬ್ಬು ಏಳುತ್ತಿಲ್ಲವಂತೆ. ಕುಸುಬಿ ಸವಳನ್ನು ಸ್ವಲ್ಪ ತಡೆಯುತ್ತದೆ. "ಆ ಮೂಲಿಗೆ ಹಾಕಿ ನೋಡೂಣು, ಬೀಜ ಕಳಸು" ಅಂದ. ಕಳಿಸಿದ್ದೀನಿ.