ಮದರ್ ಕರೇಜ್: ಯುದ್ಧದ ನಡುವೆ ತಾಯಿಯ ಬಲ

ಯುದ್ಧವನ್ನು ಕುರಿತ ಕೃತಿಗಳಲ್ಲಿ ಹೆಣ್ಣಿನ ಬಲವನ್ನು ಬಹುಮಟ್ಟಿಗೆ ಆಕೆಯ ಸಹನೆಯಿಂದಲೇ ಅಳೆಯುತ್ತ ಬರಲಾಗಿದೆ. ಈ ಅಳತೆಗೋಲನ್ನೇ ಪ್ರಶ್ನಿಸುವ ನಾಟಕ ಬರ್ಟೋಲ್ಟ್ ಬ್ರೆಕ್ಟ್‌ನ ‘ಮದರ್ ಕರೇಜ್’. ನಾಟ್ಸಿ ಆಳ್ವಿಕೆಯಿಂದಾಗಿ ಜರ್ಮನಿ ತೊರೆದಿದ್ದ ಬ್ರೆಕ್ಟ್ ಇದನ್ನು 1939ರಲ್ಲಿ ಬರೆದ. ಇದರ ಕಥೆ ನಡೆಯುವುದು ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ, 1624ರಿಂದ 1636ರವರೆಗಿನ ಅವಧಿಯಲ್ಲಿ.

ನಾಯಕಿ ಆನಾ ಫೀರ್ಲಿಂಗ್ ಮೂವರು ಮಕ್ಕಳೊಂದಿಗೆ ಗಾಡಿ ಕಟ್ಟಿಕೊಂಡು ಸೈನ್ಯದ ಬೆನ್ನಿಗೆ ತಿರುಗುವ ವ್ಯಾಪಾರಿ. ಆಕೆಗೆ ‘ಧೈರ್ಯ’ವೆಂಬ ಹೆಸರು ಬಂದ ಬಗೆಯೇ ಅರ್ಥಪೂರ್ಣವಾದುದು. ರೀಗಾ ಪಟ್ಟಣದಲ್ಲಿ ಫಿರಂಗಿಗಳು ಸಿಡಿಯುತ್ತಿದ್ದಾಗ ಆಕೆ ಐವತ್ತು ರೊಟ್ಟಿಗಳನ್ನು ಹೇರಿಕೊಂಡು ಅವುಗಳ ನಡುವೆಯೇ ಗಾಡಿ ಹೊಡೆದಿದ್ದಳು. ರೊಟ್ಟಿ ಬೂಸು ಹಿಡಿಯತೊಡಗಿತ್ತು. ಅವಳಿಗೆ ಬೇರೆ ದಾರಿಯಿರಲಿಲ್ಲ. ಲೋಕ ಶೌರ್ಯವೆಂದು ಕರೆದದ್ದು ಅವಳ ಪಾಲಿಗೆ ಹೊಟ್ಟೆಪಾಡಾಗಿತ್ತು.

ಈ ಬಲದ ನಿಜವಾದ ಪರೀಕ್ಷೆ ಕಿರಿಯ ಮಗ ಶತ್ರುಗಳ ಕೈಗೆ ಸಿಕ್ಕಾಗ ನಡೆಯುತ್ತದೆ. ಅವನನ್ನು ಬಿಡಿಸಲು 200 ಗಿಲ್ಡರ್ ಲಂಚ ಕೊಡಬೇಕು. ಅದಕ್ಕಾಗಿ ಗಾಡಿಯನ್ನೇ ಬಿಟ್ಟುಕೊಡಬೇಕು. ಗಾಡಿ ಹೋದರೆ ಮೂಗಿ ಮಗಳು ಕಾಟ್ರಿನ್‌ಳನ್ನು ಕಟ್ಟಿಕೊಂಡು ಬದುಕುವುದು ಹೇಗೆ? ತಾಯಿ ಚೌಕಾಸಿಗೆ ಇಳಿಯುತ್ತಾಳೆ. ಪೂರ್ತಿ ಹಣಕ್ಕೆ ಒಪ್ಪುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮಗನ ಶವವನ್ನು ಮುಂದೆ ತಂದಿಟ್ಟಾಗ, ಗುರುತು ಹೇಳಿದರೆ ತನಗೂ ಮಗಳಿಗೂ ಅಪಾಯವೆಂದು ಅರಿತು, ಅವಳು ತಲೆಯಲ್ಲಾಡಿಸಿ ನಿರಾಕರಿಸುತ್ತಾಳೆ. ಸಹನೆಯೇ ಬಲವಾದರೆ ಇದಕ್ಕಿಂತ ದೊಡ್ಡ ಬಲವಿಲ್ಲ. ಆದರೆ ಆ ಸಹನೆಗೆ ತೆತ್ತ ಬೆಲೆ ಮಗನಿಗೊಂದು ಗೋರಿಯೂ ದಕ್ಕದಂತಾದದ್ದು.

ಆಕೆಯನ್ನು ಕೇವಲ ಲೋಭಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಅಡುಗೆಯವನೊಬ್ಬ ಉಟ್ರೆಕ್ಟ್‌ನಲ್ಲಿ ತನ್ನ ಪಾಲಿಗೆ ಬಂದ ಖಾನಾವಳಿಯಲ್ಲಿ ಆಕೆಗೆ ನೆಲೆ ಕೊಡಲು ಮುಂದಾಗುತ್ತಾನೆ. ಮಗಳನ್ನು ಕರೆತರಬಾರದೆಂಬುದು ಅವನ ಷರತ್ತು. ಹಸಿವಿನ ಆ ಚಳಿಗಾಲದಲ್ಲಿಯೂ ಆಕೆ ಮಗಳನ್ನು ಬಿಡದೆ ಮತ್ತೆ ನೊಗಕ್ಕೆ ಹೆಗಲು ಕೊಡುತ್ತಾಳೆ. ಈ ವಾತ್ಸಲ್ಯ ನಿಜವಾದುದರಿಂದಲೇ ಅವಳ ಸೋಲು ದುರಂತವಾಗುತ್ತದೆ.

ಇನ್ನೊಂದು ಬಗೆಯ ಬಲ ಕಾಟ್ರಿನ್‌ಳದು. 1636ರ ಜನವರಿಯ ರಾತ್ರಿ ಸೈನಿಕರು ಮಲಗಿರುವ ಹಾಲೆ ಪಟ್ಟಣದ ಮೇಲೆ ಬೀಳಲು ಹೊಂಚಿದಾಗ ರೈತ ದಂಪತಿಗಳು ಪ್ರಾರ್ಥನೆಗೆ ಕೂರುತ್ತಾರೆ. ಪಟ್ಟಣದಲ್ಲಿ ಮಕ್ಕಳಿದ್ದಾರೆಂದು ಕೇಳಿದ ಈ ಮೂಗಿ, ಮಾಡು ಹತ್ತಿ, ಏಣಿಯನ್ನು ಮೇಲೆಳೆದುಕೊಂಡು ಡೋಲು ಬಾರಿಸುತ್ತಾಳೆ. ಗಾಡಿಯನ್ನು ಒಡೆಯುವ ಬೆದರಿಕೆಗೂ ಅವಳ ಕೈ ನಿಲ್ಲುವುದಿಲ್ಲ. ಗುಂಡಿಗೆ ಬಲಿಯಾಗುವ ಮೊದಲು ಅವಳು ಪಟ್ಟಣವನ್ನು ಎಚ್ಚರಿಸಿರುತ್ತಾಳೆ. ಆಗ ತಾಯಿ ಇದ್ದದ್ದು ವ್ಯಾಪಾರಕ್ಕೆಂದು ಹೋದ ಅದೇ ಪಟ್ಟಣದಲ್ಲಿ!

1941ರಲ್ಲಿ ಜ್ಯೂರಿಕ್‌ನಲ್ಲಿ ನಾಟಕ ಮೊದಲು ರಂಗವೇರಿದಾಗ ತಾಯಿಯ ಸಂಕಟವೇ ನೋಡುಗರನ್ನು ಹೆಚ್ಚು ಕಲಕಿತು. ಇದರಿಂದ ಅತೃಪ್ತನಾದ ಬ್ರೆಕ್ಟ್, 1949ರ ಬರ್ಲಿನ್ ಪ್ರಯೋಗಕ್ಕೆ ಪಾತ್ರವನ್ನು ಇನ್ನಷ್ಟು ಕಠಿಣಗೊಳಿಸಿದ. ಆದರೂ ಹೆಲೆನ ವೈಗಲ್ ಒಂಟಿಯಾಗಿ ಗಾಡಿ ಎಳೆದಾಗ ಜನ ಮರುಗಿದರು. ಮರುಕ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಆಕೆ ಎಳೆಯುತ್ತಿರುವ ಗಾಡಿ ಮತ್ತೆ ಸೈನ್ಯದ ಹಿಂದೆಯೇ ಹೊರಟಿದೆ ಎಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ.